ಜರ್ಮನ್ ಯುದ್ಧಕಾಲದ ಕವಚ ವಾಹನಗಳು: ಒಂದೇ ಟ್ಯಾಂಕಿಗೆ ಇಷ್ಟೊಂದು ಹೆಸರುಗಳೇಕೆ?

ಪಟ್ಟಿಕಾರ

ಎಲ್ಲರಿಗೂ ನಮಸ್ಕಾರ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಬಳಸಿದ ಟ್ಯಾಂಕುಗಳು ಮತ್ತು ಇತರ ಕವಚ ವಾಹನಗಳ ಸಚಿತ್ರ ಸೂಚಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಚಿತ್ರಗಳನ್ನು ಕಲೆಹಾಕುವ ಕೆಲಸ ಸುಗಮವಾಗಿಯೇ ನಡೆಯಿತು. ಪ್ರತಿ ಚಿತ್ರದ ಕೆಳಗೆ ಹೆಸರು ಬರೆಯುವ ಹಂತ ಬಂದಾಗ ಕೈ ಕಟ್ಟಿದಂತಾಯಿತು. ಉದ್ದ ನಳಿಕೆಯ ಒಂದೇ ಟ್ಯಾಂಕನ್ನು ಒಂದು ಪುಸ್ತಕ ‘ಪ್ಯಾಂಜರ್ 4 ಎಫ್2’ ಎನ್ನುತ್ತದೆ, ಇನ್ನೊಂದು ‘ಪ್ಯಾಂಜರ್ 4 ಜಿ’ ಎನ್ನುತ್ತದೆ, ಮೂರನೆಯದು ಹೆಸರನ್ನೇ ಬಿಟ್ಟು ‘161/1’ ಎಂಬ ಸಂಖ್ಯೆಯನ್ನಷ್ಟೇ ಕೊಡುತ್ತದೆ. ಈ ಮೂರರಲ್ಲಿ ಯಾವುದು ಸರಿ, ಅಥವಾ ಮೂರೂ ಸರಿಯೇ ಎಂಬುದು ನನಗೆ ತಿಳಿಯುತ್ತಿಲ್ಲ.

ಅಕ್ಷರಗಳ ವಿಷಯ ಇನ್ನೂ ಗೋಜಲಾಗಿದೆ. ಮಾದರಿಗಳು ಬಂದ ಕ್ರಮದಲ್ಲಿ ಎ, ಬಿ, ಸಿ ಎಂದು ಅಕ್ಷರ ಕೊಡಲಾಗಿದೆ ಎಂದು ನಾನು ಭಾವಿಸಿದ್ದೆ. ಪ್ಯಾಂಜರ್ 4ರಲ್ಲಿ ಅದು ಬಹುಮಟ್ಟಿಗೆ ಹೊಂದುತ್ತದೆ. ಆದರೆ ಪ್ಯಾಂಥರ್ ಟ್ಯಾಂಕಿನಲ್ಲಿ ಮೊದಲು ಡಿ, ಅನಂತರ ಎ, ಕೊನೆಗೆ ಜಿ ಬರುತ್ತದೆ. ಮೊದಲ ಟೈಗರ್ ‘ಇ’ ಆಗಿದ್ದರೆ, ಅದರ ನಂತರ ಬಂದ ಭಾರಿ ಟೈಗರ್ ‘ಬಿ’ ಆಗಿದೆ. ಪ್ಯಾಂಥರ್ ಅನ್ನು ‘ಪ್ಯಾಂಜರ್ 5’ ಎಂದು ಕರೆಯಬಹುದೇ ಎಂಬುದರಲ್ಲಿಯೂ ಒಮ್ಮತವಿಲ್ಲ. ಸೂಚಿಯಲ್ಲಿ ಪ್ರತಿ ವಾಹನಕ್ಕೂ ಒಂದೇ ಮುಖ್ಯ ಶೀರ್ಷಿಕೆ ಇರಬೇಕಾದ್ದರಿಂದ, ಈ ಹೆಸರಿಡುವ ಕ್ರಮ ಹೇಗೆ ಬೆಳೆಯಿತು ಮತ್ತು ಯಾವುದನ್ನು ಆಧಾರವಾಗಿ ಹಿಡಿಯಬೇಕು ಎಂಬುದನ್ನು ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ. ಮೂಲದ ರೋಮನ್ ಅಂಕಿಗಳನ್ನು ಇಲ್ಲಿ ಸಾಮಾನ್ಯ ಅಂಕಿಗಳಲ್ಲಿಯೇ ಬರೆದಿದ್ದೇನೆ.

ಕಡತಪ್ರಿಯ

ಪಟ್ಟಿಕಾರರೇ, ನಿಮ್ಮ ಗೊಂದಲಕ್ಕೆ ಕಾರಣ ನಿಮ್ಮ ಓದಿನ ಕೊರತೆಯಲ್ಲ. ಜರ್ಮನ್ ಸೇನೆಯಲ್ಲಿ ಹೆಸರಿಡುವ ‘ಒಂದು ವ್ಯವಸ್ಥೆ’ ಎಂಬುದು ಇರಲೇ ಇಲ್ಲ. ಬೇರೆ ಬೇರೆ ಕಚೇರಿಗಳು ತಮ್ಮ ತಮ್ಮ ಅಗತ್ಯಕ್ಕೆ ಇಟ್ಟುಕೊಂಡ ನಾಲ್ಕೈದು ವ್ಯವಸ್ಥೆಗಳು ಏಕಕಾಲದಲ್ಲಿ ಚಾಲ್ತಿಯಲ್ಲಿದ್ದವು. ಒಬ್ಬನೇ ಮನುಷ್ಯನಿಗೆ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಮನೆಯಲ್ಲಿ ಇನ್ನೊಂದು ಹೆಸರು, ಕೆಲಸದ ಜಾಗದಲ್ಲಿ ಒಂದು ಸಂಖ್ಯೆ ಇರುವ ಹಾಗೆ, ಪ್ರತಿ ಟ್ಯಾಂಕೂ ಇವೆಲ್ಲವನ್ನೂ ಹೊತ್ತು ತಿರುಗುತ್ತಿತ್ತು. ಆದ್ದರಿಂದ ‘ಸರಿಯಾದ ಹೆಸರು ಯಾವುದು’ ಎಂದು ಕೇಳುವುದಕ್ಕಿಂತ ‘ಈ ಹೆಸರು ಯಾರ ಕಡತದಲ್ಲಿ, ಯಾವ ಕಾಲದಲ್ಲಿ ಬಳಕೆಯಲ್ಲಿತ್ತು’ ಎಂದು ಕೇಳಿದರೆ ಹೆಚ್ಚಿನ ತೊಡಕುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಮೊದಲ ಪದರ ಗುಪ್ತನಾಮಗಳದು. 1919ರ ವರ್ಸೇಲ್ಸ್ ಒಪ್ಪಂದದ ಪ್ರಕಾರ ಜರ್ಮನಿ ಟ್ಯಾಂಕುಗಳನ್ನು ತಯಾರಿಸುವಂತೆಯೂ ಇರಲಿಲ್ಲ, ಹೊಂದುವಂತೆಯೂ ಇರಲಿಲ್ಲ. ಹಾಗಾಗಿ 1920ರ ದಶಕದ ಪ್ರಯೋಗ ವಾಹನಗಳು ಕಾಗದದ ಮೇಲೆ ಟ್ರ್ಯಾಕ್ಟರುಗಳಾದವು: ದೊಡ್ಡದು ‘ಗ್ರೋಸ್‌ಟ್ರಾಕ್ಟರ್’, ಹಗುರವಾದುದು ‘ಲೈಷ್ಟ್‌ಟ್ರಾಕ್ಟರ್’. ಅನಂತರ ಪ್ಯಾಂಜರ್ 1 ಎಂದು ಪ್ರಸಿದ್ಧವಾದ ವಾಹನವನ್ನು ಕೃಷಿ ಟ್ರ್ಯಾಕ್ಟರ್ ಎಂಬ ಅರ್ಥದ ಹೆಸರಿನ ಮರೆಯಲ್ಲಿ ಬೆಳೆಸಲಾಯಿತು. ಅದರ ಸಂಕ್ಷಿಪ್ತ ರೂಪ ‘ಲಾಸ್’. ಪ್ಯಾಂಜರ್ 3 ಆಗಲಿದ್ದ ವಾಹನ ‘ಪ್ಲಟೂನ್ ನಾಯಕನ ವಾಹನ’ ಎಂಬ ಹೆಸರಿನಿಂದ ‘ಝಡ್‌ಡಬ್ಲ್ಯೂ’ ಆಯಿತು, ಪ್ಯಾಂಜರ್ 4 ಆಗಲಿದ್ದುದು ‘ಬೆಟಾಲಿಯನ್ ನಾಯಕನ ವಾಹನ’ ಎಂಬ ಹೆಸರಿನಿಂದ ‘ಬಿಡಬ್ಲ್ಯೂ’ ಆಯಿತು. 1935ರಲ್ಲಿ ಜರ್ಮನಿ ಮರುಶಸ್ತ್ರೀಕರಣವನ್ನು ಬಹಿರಂಗವಾಗಿಯೇ ಘೋಷಿಸಿದ ಮೇಲೆ ಈ ಮುಸುಕಿನ ಅಗತ್ಯ ಉಳಿಯಲಿಲ್ಲ. ಆದರೂ ಕಾರ್ಖಾನೆಗಳ ಕಡತಗಳಿಂದ ಈ ಅಕ್ಷರಗಳು ಅಳಿಯಲಿಲ್ಲ. ಪ್ಯಾಂಜರ್ 4ರ ಮೊದಲ ಉತ್ಪಾದನಾ ಸರಣಿ ‘1/ಬಿಡಬ್ಲ್ಯೂ’, ಎಫ್ ಮಾದರಿ ‘7/ಬಿಡಬ್ಲ್ಯೂ’, ಎಚ್ ಮಾದರಿ ‘9/ಬಿಡಬ್ಲ್ಯೂ’ ಎಂಬ ಲೆಕ್ಕ ಯುದ್ಧದುದ್ದಕ್ಕೂ ನಡೆಯಿತು. ಶತ್ರುವಿನ ಕಣ್ಣಿಗೆ ಮಣ್ಣೆರಚಲು ಹುಟ್ಟಿದ ಹೆಸರು ಕೊನೆಗೆ ಚಾಸಿಯ ಸರಣಿ ಸಂಖ್ಯೆಯಾಗಿ ಉಳಿದುಕೊಂಡದ್ದು ಈ ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ.

ಈ ಪದರವನ್ನು ತಿಳಿದುಕೊಂಡರೆ ಬೇರೆ ಕಡೆಯ ಒಗಟುಗಳೂ ಬಿಡಿಸಿಕೊಳ್ಳುತ್ತವೆ. ಸ್ಟುಗ್ 3 ಎಂದು ಕರೆಯಲಾಗುವ ಆಕ್ರಮಣ ಫಿರಂಗಿ ವಾಹನದ ಮಾದರಿಗಳಲ್ಲಿ ಎಫ್ ಮತ್ತು ಜಿ ನಡುವೆ ‘ಎಫ್/8’ ಎಂಬ ವಿಚಿತ್ರವಾದ ಹೆಸರೊಂದು ಬರುತ್ತದೆ. ಇಲ್ಲಿ ಎಂಟು ಎಂಬುದು ಎಂಟನೆಯ ಸುಧಾರಣೆಯಲ್ಲ. ಆ ವಾಹನದ ಒಡಲು ಪ್ಯಾಂಜರ್ 3ರ ಎಂಟನೆಯ ಸರಣಿಯದು, ಅಂದರೆ ‘8/ಝಡ್‌ಡಬ್ಲ್ಯೂ’ದು ಎಂಬುದಷ್ಟೇ ಅದರ ತಾತ್ಪರ್ಯ.

ಎರಡನೆಯ ಪದರ ನಮಗೆಲ್ಲ ಪರಿಚಿತವಾದುದು: ‘ಪ್ಯಾಂಜರ್‌ಕಾಂಪ್ಫ್‌ವಾಗನ್’ (ಕವಚದ ಯುದ್ಧವಾಹನ, ಅಂದರೆ ಟ್ಯಾಂಕ್) ಎಂಬ ಪದ, ಅದರ ಮುಂದೆ ರೋಮನ್ ಅಂಕಿ, ಅದರ ಮುಂದೆ ‘ಔಸ್‌ಫ್ಯೂರುಂಗ್’ ಎಂದರೆ ಮಾದರಿ ಮತ್ತು ಅದರ ಅಕ್ಷರ. ಅಂಕಿ ಮೂಲ ವಿನ್ಯಾಸವನ್ನು ಹೇಳುತ್ತದೆ, ಅಕ್ಷರ ಆ ವಿನ್ಯಾಸದ ಉತ್ಪಾದನಾ ರೂಪವನ್ನು ಹೇಳುತ್ತದೆ. ಪ್ಯಾಂಜರ್ 2ರ ಪ್ರಾರಂಭಿಕ ಸಣ್ಣ ಸರಣಿಗಳಿಗೆ ಸಣ್ಣಕ್ಷರಗಳನ್ನೂ, ಪೂರ್ಣ ಪ್ರಮಾಣದ ಉತ್ಪಾದನೆಗೆ ದೊಡ್ಡಕ್ಷರಗಳನ್ನೂ ಕೊಟ್ಟಿದ್ದರು. ಕನ್ನಡ ಲಿಪಿಯಲ್ಲಿ ಈ ಭೇದ ಕಾಣದ ಕಾರಣ, ನಿಮ್ಮ ಸೂಚಿಯಲ್ಲಿ ‘ಸಣ್ಣಕ್ಷರದ ಎ’ ಎಂದು ಬಿಡಿಸಿಯೇ ಬರೆಯಬೇಕಾಗುತ್ತದೆ.

ಮೂರನೆಯದು ವಿಶೇಷ ವಾಹನ ಸಂಖ್ಯೆ. ಜರ್ಮನ್ ಭಾಷೆಯಲ್ಲಿ ‘ಸೋಂಡರ್‌ಕ್ರಾಫ್ಟ್‌ಫಾರ್‌ಟ್ಸಾಯ್ಗ್’ ಎನ್ನುವ ಇದನ್ನು ಪುಸ್ತಕಗಳಲ್ಲಿ ‘ಎಸ್‌ಡಿ.ಕೆಎಫ್‌ಝಡ್.’ ಎಂದು ಸಂಕ್ಷೇಪಿಸುತ್ತಾರೆ. ಇದು ಸರಬರಾಜು ವಿಭಾಗದ ದಾಸ್ತಾನು ಸಂಖ್ಯೆ. ಕವಚವಿಲ್ಲದ ಎಳೆಯುವ ವಾಹನಗಳು ಸಣ್ಣ ಸಂಖ್ಯೆಗಳಲ್ಲಿವೆ, 8.8 ಸೆಂ.ಮೀ. ವಿಮಾನನಿರೋಧಕ ತೋಪನ್ನು ಎಳೆದೊಯ್ಯುತ್ತಿದ್ದ, ಮುಂದೆ ಗಾಲಿಯೂ ಹಿಂದೆ ಟ್ಯಾಂಕಿನಂಥ ಪಟ್ಟಿಯೂ ಇರುವ ಎಂಟು ಟನ್ ವರ್ಗದ ಹಾಫ್‌ಟ್ರ್ಯಾಕಿನ ಸಂಖ್ಯೆ 7. ಟ್ಯಾಂಕುಗಳು ಮತ್ತು ಅವುಗಳ ಚಾಸಿಯ ಮೇಲೆ ಕಟ್ಟಿದ ವಾಹನಗಳು ನೂರರ ಸಾಲಿನಲ್ಲಿವೆ: ಪ್ಯಾಂಜರ್ 1ಕ್ಕೆ 101, 2ಕ್ಕೆ 121, 3ಕ್ಕೆ 141, 4ಕ್ಕೆ 161, ಪ್ಯಾಂಥರ್‌ಗೆ 171, ಟೈಗರ್‌ಗೆ 181. ಗಾಲಿಯ ಕವಚ ಕಾರುಗಳು, ಕವಚದ ಹಾಫ್‌ಟ್ರ್ಯಾಕುಗಳು ಮತ್ತು ಸಂಪರ್ಕ ಸಾಧನ ಹೊತ್ತ ಕಮಾಂಡ್ ಟ್ಯಾಂಕುಗಳು ಇನ್ನೂರರ ಸಾಲಿನಲ್ಲಿವೆ. ದೂರದಿಂದ ನಿಯಂತ್ರಿಸಿ ಸ್ಫೋಟಿಸುವ ಗೋಲಿಯಾತ್‌ನಂಥ ವಾಹನಗಳಿಗೆ ಮುನ್ನೂರರ ಸಾಲನ್ನು ಮೀಸಲಿಟ್ಟಿದ್ದರು. ವಾಹನದ ಶಸ್ತ್ರ ಅಥವಾ ಕೆಲಸ ಬದಲಾದಾಗ ಓರೆಗೆರೆಯ ಮುಂದೆ ಉಪಸಂಖ್ಯೆ ಸೇರುತ್ತದೆ.

ಈಗ ನಿಮ್ಮ ಎಫ್2 ಪ್ರಶ್ನೆಗೆ ಬರೋಣ. ಪ್ಯಾಂಜರ್ 4 ಮೂಲತಃ ಗಿಡ್ಡ ನಳಿಕೆಯ 7.5 ಸೆಂ.ಮೀ. ತೋಪನ್ನು ಹೊತ್ತಿತ್ತು. ರಷ್ಯಾದಲ್ಲಿ ಟಿ-34 ಮತ್ತು ಕೆವಿ ಟ್ಯಾಂಕುಗಳು ಎದುರಾದ ಮೇಲೆ, 1942ರ ವಸಂತದಲ್ಲಿ ಎಫ್ ಮಾದರಿಯ ಉತ್ಪಾದನೆಯ ನಡುವೆಯೇ ಉದ್ದ ನಳಿಕೆಯ ತೋಪನ್ನು ಅಳವಡಿಸಲಾಯಿತು. ಎರಡನ್ನೂ ಬೇರ್ಪಡಿಸಲು ಗಿಡ್ಡ ನಳಿಕೆಯದನ್ನು ಎಫ್1 ಎಂದೂ ಉದ್ದ ನಳಿಕೆಯದನ್ನು ಎಫ್2 ಎಂದೂ ಕರೆದರು. ಆದರೆ ಅದೇ ವರ್ಷ ಎಫ್2 ಎಂಬ ಹೆಸರನ್ನು ರದ್ದುಪಡಿಸಿ, ಆ ವಾಹನಗಳನ್ನು ಜಿ ಮಾದರಿಯಲ್ಲಿ ಸೇರಿಸಿದರು. ಎಫ್1 ಮತ್ತೆ ಬರಿಯ ಎಫ್ ಆಯಿತು. ಹೀಗಾಗಿ 1942ರ ವಸಂತದ ಕಡತದಲ್ಲಿ ಅದು ಎಫ್2, ವರ್ಷದ ಕೊನೆಯ ಕಡತದಲ್ಲಿ ಅದೇ ವಾಹನ ಜಿ, ದಾಸ್ತಾನು ಪಟ್ಟಿಯಲ್ಲಿ 161/1. ಉತ್ತರ ಆಫ್ರಿಕದಲ್ಲಿ ಅದನ್ನು ಎದುರಿಸಿದ ಬ್ರಿಟಿಷರು ‘ಮಾರ್ಕ್ 4 ಸ್ಪೆಷಲ್’ ಎಂಬ ನಾಲ್ಕನೆಯ ಹೆಸರನ್ನೂ ಕೊಟ್ಟರು. ನಿಮ್ಮ ಮೂರೂ ಪುಸ್ತಕಗಳು ಸರಿಯಾಗಿಯೇ ಬರೆದಿವೆ.

ನನ್ನ ಸಲಹೆಯೆಂದರೆ, ಸೂಚಿಯ ವಿಂಗಡಣೆಗೆ ವಿಶೇಷ ವಾಹನ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಳ್ಳಿ. ಹೆಸರುಗಳಂತೆ ಅದು ಮೇಲಿಂದ ಮೇಲೆ ಬದಲಾಗಲಿಲ್ಲ.

ಮಾದರಿಗಾರ

ಕಡತಪ್ರಿಯರ ವಿವರಣೆ ಬಹಳ ಚೆನ್ನಾಗಿದೆ. ಅವರ ಕೊನೆಯ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. ವಿಶೇಷ ವಾಹನ ಸಂಖ್ಯೆ ನೋಡಲು ಅಚ್ಚುಕಟ್ಟಾಗಿದೆ ಎಂಬುದು ನಿಜ, ಆದರೆ ಅದನ್ನು ಸೂಚಿಯ ಬೆನ್ನೆಲುಬಾಗಿ ಮಾಡಿಕೊಂಡರೆ ಮೊದಲ ವಾರದಲ್ಲಿಯೇ ತೊಂದರೆ ಶುರುವಾಗುತ್ತದೆ.

231 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. 1930ರ ದಶಕದ ಮೊದಲ ಭಾಗದಲ್ಲಿ ಲಾರಿಯ ಚಾಸಿಯ ಮೇಲೆ ಕಟ್ಟಿದ ಆರು ಗಾಲಿಯ ಕವಚ ಕಾರಿಗೆ ಈ ಸಂಖ್ಯೆಯಿತ್ತು. ಅನಂತರ ಅದರ ಬದಲಿಗೆ ಬಂದ ಎಂಟು ಗಾಲಿಯ ಕಾರಿನ ಚಾಸಿ, ಎಂಜಿನ್, ಒಡಲು ಎಲ್ಲವೂ ಬೇರೆ. ಆದರೂ ಅದಕ್ಕೆ ಕೊಟ್ಟದ್ದು ಅದೇ 231. ಸೇನೆಯ ದೃಷ್ಟಿಯಲ್ಲಿ ಎರಡೂ ಭಾರಿ ಗಸ್ತು ಕಾರುಗಳು, ಮಾಡುವ ಕೆಲಸ ಒಂದೇ, ಆದ್ದರಿಂದ ಸಂಖ್ಯೆಯೂ ಒಂದೇ. ಬೇರ್ಪಡಿಸಬೇಕಾದಾಗ ‘6 ಗಾಲಿ’, ‘8 ಗಾಲಿ’ ಎಂದು ಪಕ್ಕದಲ್ಲಿ ಬರೆಯುತ್ತಿದ್ದರು. ಅಂದರೆ ಈ ಸಂಖ್ಯೆ ಗುರುತಿಸುವುದು ಯಂತ್ರವನ್ನಲ್ಲ, ಅದರ ಕರ್ತವ್ಯವನ್ನು.

251ರಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಪದಾತಿ ಸೈನಿಕರನ್ನು ಒಯ್ಯುವ ಈ ಹಾಫ್‌ಟ್ರ್ಯಾಕಿನ ಮೂಲರೂಪ 251/1. ಸಂಪರ್ಕ ವಾಹನ 251/3. 1940ರಲ್ಲಿ ಫ್ರಾನ್ಸಿನಲ್ಲಿ ಜನರಲ್ ಗುಡೇರಿಯನ್ ರೇಡಿಯೊ ಸಿಬ್ಬಂದಿಯ ಹಿಂದೆ ನಿಂತಿರುವ ಪ್ರಸಿದ್ಧ ಛಾಯಾಚಿತ್ರದಲ್ಲಿರುವುದು ಇದೇ. ಸೇತುವೆಯ ಹಲಗೆಗಳನ್ನು ಹೊತ್ತ ಎಂಜಿನಿಯರುಗಳ ವಾಹನ 251/7, ಆಂಬುಲೆನ್ಸ್ 251/8, ಗಿಡ್ಡ 7.5 ಸೆಂ.ಮೀ. ತೋಪಿನದು 251/9, ಬೆಂಕಿ ಉಗುಳುವುದು 251/16. ಹೀಗೆ ಸಾಲು ಇಪ್ಪತ್ತನ್ನು ದಾಟುತ್ತದೆ. ಇದರ ಜೊತೆಗೆ ಒಡಲಿನ ವಿನ್ಯಾಸಕ್ಕೆ ಎ, ಬಿ, ಸಿ, ಡಿ ಎಂಬ ಮಾದರಿ ಅಕ್ಷರಗಳು ಬೇರೆ ಇವೆ, ಮತ್ತು ಇವೆರಡಕ್ಕೂ ಪರಸ್ಪರ ಸಂಬಂಧವಿಲ್ಲ. 251/1 ಸಿ ಕೂಡ ಇದೆ, 251/1 ಡಿ ಕೂಡ ಇದೆ. ಸಂಖ್ಯೆಯೊಂದನ್ನೇ ಹಿಡಿದು ಹೊರಟರೆ, ಬಾಗಿದ ಹಿಂಬಾಗಿಲಿನ ಹಳೆಯ ಒಡಲಿನ ಚಿತ್ರವನ್ನೂ ನೇರ ಫಲಕದ ಡಿ ಒಡಲಿನ ಚಿತ್ರವನ್ನೂ ಒಂದೇ ಶೀರ್ಷಿಕೆಯ ಕೆಳಗೆ ಹಾಕಬೇಕಾಗುತ್ತದೆ. ಸಣ್ಣ ಪ್ರತಿಕೃತಿಗಳನ್ನು ಕಟ್ಟುವ ನಮ್ಮಂಥವರಿಗೆ ಅದು ಎರಡು ಬೇರೆ ವಾಹನ.

ಅಕ್ಷರಗಳ ಬಗ್ಗೆ ನೀವು ಕೇಳಿದ್ದಕ್ಕೆ ಒಂದು ಮಾತು. ಅಕ್ಷರವನ್ನು ವರ್ಣಮಾಲೆಯ ಸ್ಥಾನವೆಂದು ಓದುವ ಅಭ್ಯಾಸವನ್ನೇ ಬಿಡುವುದು ಒಳ್ಳೆಯದು. ಪ್ಯಾಂಜರ್ 3ರಲ್ಲಿ ಎಚ್ ಆದ ಮೇಲೆ ನೇರವಾಗಿ ಜೆ ಬರುತ್ತದೆ, ಐ ಇಲ್ಲ; ಕೆ ಎಂಬುದು ಕಮಾಂಡ್ ಟ್ಯಾಂಕಿಗೆ ಹೋಯಿತು; ಆಮೇಲೆ ಎಲ್, ಎಂ, ಎನ್. ಇನ್ನು ಎಚ್ ಎಂಬ ಒಂದೇ ಅಕ್ಷರ ಏನೇನಾಗಬಹುದು ನೋಡಿ. ಪ್ಯಾಂಜರ್ 4 ಎಚ್ ಎಂದರೆ ಜಿ ನಂತರದ ಮಾದರಿ. ಟೈಗರ್ ಯೋಜನೆಯ ಕಡತಗಳಲ್ಲಿ ಆವರಣದೊಳಗಿನ ಎಚ್ ಎಂದರೆ ಹೆನ್ಶೆಲ್ ಕಂಪನಿ, ಪಿ ಎಂದರೆ ಪೋರ್ಶೆ. ಮಾರ್ಡರ್ 3 ಎಂಬ ಟ್ಯಾಂಕ್ ನಿರೋಧಕ ವಾಹನದ ಎಚ್ ಎಂದರೆ ಎಂಜಿನ್ ಹಿಂಭಾಗದಲ್ಲಿದೆ ಎಂದೂ ಎಂ ಎಂದರೆ ನಡುವಿನಲ್ಲಿದೆ ಎಂದೂ ಅರ್ಥ. ಮೂರು ಕಡೆ ಮೂರು ಭಾಷೆ!

ಟೈಗರ್ ಕೂಡ ಮೊದಲು ‘ಪ್ಯಾಂಜರ್ 6, ಮಾದರಿ ಎಚ್1’ ಎಂದೇ ಕರೆಯಲ್ಪಡುತ್ತಿತ್ತು. 1943ರಲ್ಲಿ ಅದನ್ನು ‘ಟೈಗರ್, ಮಾದರಿ ಇ’ ಎಂದು ಬದಲಿಸಿದರು. ಮುಂದೆ ಬಂದ, ಇಳಿಜಾರು ಕವಚದ ಭಾರಿ ವಾಹನ ‘ಟೈಗರ್, ಮಾದರಿ ಬಿ’ ಆಯಿತು. ನಾವು ಸಲೀಸಾಗಿ ‘ಕಿಂಗ್ ಟೈಗರ್’ ಎನ್ನುವುದು ಇದನ್ನೇ. ಇ ಮತ್ತು ಬಿ ನಡುವೆ ವಂಶಾವಳಿಯನ್ನು ಹುಡುಕಿ ಫಲವಿಲ್ಲ. ಅವು ಒಂದೇ ವಿನ್ಯಾಸದ ಎರಡು ಸುಧಾರಣೆಗಳಲ್ಲ, ಎರಡು ಪ್ರತ್ಯೇಕ ಟ್ಯಾಂಕುಗಳು. ಪ್ಯಾಂಥರ್‌ನ ಡಿ, ಎ, ಜಿ ಕ್ರಮವನ್ನೂ ಹಾಗೆಯೇ ಒಪ್ಪಿಕೊಂಡುಬಿಡಿ: ಡಿ ಉತ್ಪಾದನೆ 1943ರ ಆರಂಭದಲ್ಲಿ, ಎ ಅದೇ ವರ್ಷದ ಉತ್ತರಾರ್ಧದಲ್ಲಿ, ಜಿ 1944ರ ವಸಂತದಲ್ಲಿ ಶುರುವಾಯಿತು.

ಇನ್ನೊಂದು ಎಚ್ಚರಿಕೆ. ಚಿತ್ರದಲ್ಲಿ ಟ್ಯಾಂಕಿನ ತಿರುಗುವ ತೋಪುಗೋಪುರದ ಮೇಲೆ ದೊಡ್ಡದಾಗಿ ಕಾಣುವ ಸಂಖ್ಯೆಗೂ ಈ ಯಾವ ವ್ಯವಸ್ಥೆಗೂ ಸಂಬಂಧವಿಲ್ಲ. ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ವಸ್ತುಸಂಗ್ರಹಾಲಯದಲ್ಲಿರುವ ‘ಟೈಗರ್ 131’ ಅನ್ನು ಹಲವರು ಮಾದರಿಯ ಹೆಸರೆಂದೇ ತಿಳಿಯುತ್ತಾರೆ. 1943ರ ಏಪ್ರಿಲ್‌ನಲ್ಲಿ ಟುನೀಸಿಯಾದಲ್ಲಿ ಬ್ರಿಟಿಷರ ಕೈಸೇರಿದ ಆ ಟ್ಯಾಂಕಿನ ಗೋಪುರದ 131 ಹೇಳುವುದು ಇಷ್ಟೇ: ಒಂದನೆಯ ಕಂಪನಿ, ಮೂರನೆಯ ಪ್ಲಟೂನ್, ಅದರಲ್ಲಿ ಮೊದಲನೆಯ ವಾಹನ. ಅದೇ ಟ್ಯಾಂಕಿನ ಚಾಸಿ ಸಂಖ್ಯೆ 250112, ವಿಶೇಷ ವಾಹನ ಸಂಖ್ಯೆ 181. ಮೂರು ಸಂಖ್ಯೆಗಳೂ ಒಂದೇ ಉಕ್ಕಿನ ಮೇಲೆ ಕೂತಿವೆ. ಮೊದಲನೆಯದು ಯುದ್ಧಭೂಮಿಯ ದಳಪತಿಗೆ, ಎರಡನೆಯದು ಕಾರ್ಖಾನೆಗೆ, ಮೂರನೆಯದು ದಾಸ್ತಾನು ಗುಮಾಸ್ತನಿಗೆ ಬೇಕಾದದ್ದು.

ಪಟ್ಟಿಕಾರ

ಇಬ್ಬರಿಗೂ ಧನ್ಯವಾದಗಳು. 231ರ ಉದಾಹರಣೆ ನೋಡಿದ ಮೇಲೆ ಬರಿಯ ಸಂಖ್ಯೆಯನ್ನು ನೆಚ್ಚಿಕೊಳ್ಳುವ ಧೈರ್ಯ ಉಳಿದಿಲ್ಲ. ಇದರ ಜೊತೆಗೆ ಇನ್ನೆರಡು ಸಂದೇಹಗಳಿವೆ. ‘38(ಟಿ)’ ಎಂಬಲ್ಲಿ ಟಿ ಎಂದರೆ ಟನ್ ಎಂದು ಒಂದು ಕಡೆ ಓದಿದೆ. ಆದರೆ ಚಿತ್ರದಲ್ಲಿ ಅದು ಬಹಳ ಚಿಕ್ಕ ಟ್ಯಾಂಕಿನಂತೆ ಕಾಣುತ್ತದೆ. ಮತ್ತೆ, ಹೆಟ್ಸರ್, ಬ್ರುಮ್‌ಬೇರ್, ಎಲೆಫಾಂಟ್, ನಾಸ್‌ಹಾರ್ನ್ ಮುಂತಾದ ಪ್ರಾಣಿ ಮತ್ತಿತರ ಹೆಸರುಗಳಲ್ಲಿ ಯಾವುವು ಅಧಿಕೃತ, ಯಾವುವು ಆಮೇಲೆ ಸೇರಿಕೊಂಡವು? ಶೀರ್ಷಿಕೆಯಲ್ಲಿ ಅವನ್ನು ಬಳಸಬಹುದೇ?

ಗಡಿಯಾಚೆ

ಟಿ ಎಂದರೆ ಟನ್ ಅಲ್ಲ, ಜೆಕ್ ಮೂಲದ್ದು ಎಂಬುದರ ಗುರುತು. 1939ರ ಮಾರ್ಚ್‌ನಲ್ಲಿ ಜೆಕ್ ಪ್ರದೇಶವನ್ನು ವಶಪಡಿಸಿಕೊಂಡಾಗ ಜರ್ಮನ್ನರಿಗೆ ಅಲ್ಲಿನ ಎರಡು ಉತ್ತಮ ಟ್ಯಾಂಕುಗಳ ಜೊತೆಗೆ ಅವನ್ನು ತಯಾರಿಸುವ ಕಾರ್ಖಾನೆಗಳೂ ದಕ್ಕಿದವು. ಜೆಕ್ ಸೇನೆಯ ಹೆಸರಿನಲ್ಲಿದ್ದ 35 ಮತ್ತು 38 ಎಂಬ ಮಾದರಿ ವರ್ಷಗಳನ್ನು ಹಾಗೆಯೇ ಉಳಿಸಿಕೊಂಡು ಪಕ್ಕದಲ್ಲಿ ಟಿ ಸೇರಿಸಿದರು. 38(ಟಿ)ಯ ತೂಕ ಹತ್ತು ಟನ್ನಿಗೂ ಕಡಿಮೆ. ಅದನ್ನು 38 ಟನ್ನಿನ ಟ್ಯಾಂಕ್ ಎಂದು ಬರೆದವರು ಚಿತ್ರವನ್ನೇ ನೋಡಿರಲಾರರು. ಆ ಟ್ಯಾಂಕಿನ ಮಾದರಿಗಳಲ್ಲಿ ಎ ಇಂದ ಜಿ ವರೆಗಿನ ಸಾಲಿನ ಹೊರಗೆ ಎಸ್ ಎಂಬುದೊಂದಿದೆ. ಸ್ವೀಡನ್ ತನಗಾಗಿ ಬೇಡಿಕೆ ಸಲ್ಲಿಸಿದ್ದ ಟ್ಯಾಂಕುಗಳನ್ನು ಜರ್ಮನಿ ತಾನೇ ಇಟ್ಟುಕೊಂಡಿತು, ಅವೇ ಈ ಎಸ್.

ಉಳಿದ ದೇಶಗಳಿಂದ ವಶವಾದ ವಾಹನಗಳಿಗೆ ಹೆಚ್ಚು ಕಟ್ಟುನಿಟ್ಟಾದ ಕ್ರಮವಿತ್ತು. ಮೂರಂಕಿಯ ಸಂಖ್ಯೆ, ಅದರ ಪಕ್ಕದಲ್ಲಿ ದೇಶದ ಅಕ್ಷರ: ಫ್ರಾನ್ಸಿಗೆ ಎಫ್, ರಷ್ಯಾಕ್ಕೆ ಆರ್, ಇಂಗ್ಲೆಂಡಿಗೆ ಇ, ಇಟಲಿಗೆ ಐ, ಅಮೆರಿಕಕ್ಕೆ ಎ. ಮೊದಲ ಅಂಕಿ ವಾಹನದ ವರ್ಗವನ್ನು ತಿಳಿಸುತ್ತದೆ. ಏಳು ಎಂದರೆ ಟ್ಯಾಂಕ್, ಎರಡು ಎಂದರೆ ಕವಚ ಕಾರು. ಹೀಗಾಗಿ ಫ್ರಾನ್ಸಿನ ರೆನೊ ಆರ್35 ಟ್ಯಾಂಕ್ 731(ಎಫ್) ಆಯಿತು, ಸೊಮುವಾ ಎಸ್35 739(ಎಫ್) ಆಯಿತು, ಪನಾರ್ ಕಾರು 204(ಎಫ್) ಆಯಿತು. ರಷ್ಯಾದ ಟಿ-34ಕ್ಕೆ 747(ಆರ್). ಇಡೀ ಜರ್ಮನ್ ಹೆಸರು ವ್ಯವಸ್ಥೆಯಲ್ಲಿ ಒಂದು ತರ್ಕಕ್ಕೆ ಕಟ್ಟುಬಿದ್ದು ನಡೆದ ಭಾಗವೆಂದರೆ ಇದೊಂದೇ ಇರಬೇಕು. ಅದೂ ತಮ್ಮದಲ್ಲದ ವಾಹನಗಳ ವಿಷಯದಲ್ಲಿ.

ಈಗ ಪ್ರಾಣಿಗಳ ವಿಚಾರ. ಇವನ್ನು ಒಂದೇ ಬುಟ್ಟಿಗೆ ಹಾಕುವಂತಿಲ್ಲ. ಟೈಗರ್ ಮತ್ತು ಪ್ಯಾಂಥರ್ ಅಧಿಕೃತ ಹೆಸರಿನ ಅಂಗವೇ ಆಗಿದ್ದವು. ಪ್ಯಾಂಥರ್‌ನ ರೋಮನ್ ಐದನ್ನು ಕೈಬಿಟ್ಟು ಬರಿಯ ‘ಪ್ಯಾಂಥರ್’ ಎಂದೇ ಬರೆಯಬೇಕೆಂದು 1944ರ ಫೆಬ್ರವರಿ 27ರಂದು ಹಿಟ್ಲರ್ ಆದೇಶಿಸಿದ. ಆದ್ದರಿಂದ 1943ರ ಬೇಸಗೆಯಲ್ಲಿ ರಷ್ಯಾದ ಕುರ್ಸ್ಕ್‌ನಲ್ಲಿ ಹೋರಾಡಿದ ಡಿ ಮಾದರಿಗೆ ‘ಪ್ಯಾಂಜರ್ 5 ಪ್ಯಾಂಥರ್’ ಎಂದು ಬರೆದರೆ ತಪ್ಪಿಲ್ಲ, ಜಿ ಮಾದರಿಗೆ ಹಾಗೆ ಬರೆದರೆ ಕಾಲಕ್ಕೆ ಹೊಂದುವುದಿಲ್ಲ.

ಎಲೆಫಾಂಟ್ ಕೂಡ ಅಧಿಕೃತವೇ, ಆದರೆ ಎರಡನೆಯ ಹೆಸರು. ಟೈಗರ್ ಸ್ಪರ್ಧೆಯಲ್ಲಿ ಸೋತ ಪೋರ್ಶೆ ಕಂಪನಿಯ ಚಾಸಿಗಳ ಮೇಲೆ ಕಟ್ಟಿದ ಈ ಟ್ಯಾಂಕ್ ನಿರೋಧಕ ವಾಹನಕ್ಕೆ ಮೊದಲು ವಿನ್ಯಾಸಕ ಫರ್ಡಿನಾಂಡ್ ಪೋರ್ಶೆಯ ಹೆಸರೇ ಇತ್ತು. ಕುರ್ಸ್ಕ್‌ನಲ್ಲಿದ್ದುದು ‘ಫರ್ಡಿನಾಂಡ್’, ದುರಸ್ತಿಯಾಗಿ, ಮುಂಭಾಗದಲ್ಲಿ ಮೆಷಿನ್‌ಗನ್ ಸೇರಿಸಿಕೊಂಡು 1944ರಲ್ಲಿ ಇಟಲಿಗೆ ಹೋದದ್ದು ‘ಎಲೆಫಾಂಟ್’. ಚಿತ್ರದಲ್ಲಿ ಆ ಮೆಷಿನ್‌ಗನ್ನಿನ ಗುಂಡುಬ್ಬು ಕಾಣುತ್ತದೆಯೋ ಇಲ್ಲವೋ ನೋಡಿ ಶೀರ್ಷಿಕೆಯನ್ನು ನಿರ್ಧರಿಸಬಹುದು. ನಾಸ್‌ಹಾರ್ನ್‌ನದೂ ಇದೇ ಕಥೆ: ಅದರ ಹಳೆಯ ಹೆಸರು ಹೋರ್ನಿಸ್ಸೆ, 1944ರಲ್ಲಿ ಬದಲಾಯಿತು.

ಬ್ರುಮ್‌ಬೇರ್ ಎಂಬುದು ಬೇರೆ ಜಾತಿಯದು. ಪ್ಯಾಂಜರ್ 4ರ ಚಾಸಿಯ ಮೇಲೆ 15 ಸೆಂ.ಮೀ. ತೋಪನ್ನು ಹೊತ್ತ ಆ ವಾಹನಕ್ಕೆ ಈ ಹೆಸರು ಕೊಟ್ಟದ್ದು ಮಿತ್ರರಾಷ್ಟ್ರಗಳ ಗುಪ್ತಚರ ವಿಭಾಗ. ಜರ್ಮನ್ ಕಡತಗಳಲ್ಲಿ ಅದು ‘ಸ್ಟುರ್ಮ್‌ಪ್ಯಾಂಜರ್’, ಸೈನಿಕರ ಬಾಯಲ್ಲಿ ‘ಸ್ಟುಪಾ’. ಹೆಟ್ಸರ್‌ನ ಅಧಿಕೃತ ಹೆಸರು ‘ಯಾಗ್ಡ್‌ಪ್ಯಾಂಜರ್ 38’. ಹೆಟ್ಸರ್ ಎಂಬುದು ಯುದ್ಧಕಾಲದಲ್ಲಿಯೂ ಕೇಳಿಬಂದಿತ್ತಾದರೂ, ಇಂದಿನಷ್ಟು ಪ್ರಚಾರ ಪಡೆದದ್ದು ಯುದ್ಧಾನಂತರದ ಪುಸ್ತಕಗಳಿಂದ. ‘ಪೂಮಾ’ ಎಂಬುದನ್ನು 234 ಸರಣಿಯ ಎಲ್ಲ ಎಂಟು ಗಾಲಿಯ ಕಾರುಗಳಿಗೂ ಅಂಟಿಸುವವರಿದ್ದಾರೆ. ಅದು ಸಲ್ಲುವುದು ಮುಚ್ಚಿದ ಗೋಪುರದಲ್ಲಿ 5 ಸೆಂ.ಮೀ. ತೋಪು ಹೊತ್ತ 234/2ಕ್ಕೆ ಮಾತ್ರ.

ಮಾರ್ಡರ್ ಎಂಬ ಹೆಸರಿನ ಬಗ್ಗೆ ವಿಶೇಷ ಜಾಗ್ರತೆ ಬೇಕು. ಒಂದು, ಎರಡು, ಮೂರು ಎಂದು ಅಂಕಿ ಇರುವುದರಿಂದ ಇವು ಒಂದರ ನಂತರ ಒಂದು ಬಂದ ಸುಧಾರಣೆಗಳೆಂದು ತೋರುತ್ತದೆ. ವಾಸ್ತವದಲ್ಲಿ ಮಾರ್ಡರ್ 1 ಎಂದರೆ ಫ್ರೆಂಚ್ ಚಾಸಿ, 2 ಎಂದರೆ ಪ್ಯಾಂಜರ್ 2ರ ಚಾಸಿ, 3 ಎಂದರೆ ಜೆಕ್ 38(ಟಿ) ಚಾಸಿ. ಅಂಕಿ ಇಲ್ಲಿ ಅಡಿಪಾಯವನ್ನು ಹೇಳುತ್ತಿದೆ, ಕಾಲವನ್ನಲ್ಲ. ಅದರಲ್ಲಿಯೂ ಮಾರ್ಡರ್ 2ರೊಳಗೆ ವಶಪಡಿಸಿಕೊಂಡ ಸೋವಿಯತ್ 7.62 ಸೆಂ.ಮೀ. ತೋಪು ಹೊತ್ತದ್ದು 132, ಜರ್ಮನ್ 7.5 ಸೆಂ.ಮೀ. ತೋಪಿನದು 131.

ಮಾದರಿಗಾರ

ತೋಪಿನ ಮಾತು ಬಂದದ್ದರಿಂದ ಒಂದು ಸೇರ್ಪಡೆ. ಜರ್ಮನ್ನರು ತೋಪಿನ ವ್ಯಾಸವನ್ನು ಸೆಂಟಿಮೀಟರಿನಲ್ಲಿ ಬರೆಯುತ್ತಿದ್ದರು, ಆಮೇಲೆ ಬಗೆ, ಆಮೇಲೆ ವರ್ಷಸೂಚಕ ಅಂಕಿ, ಕೊನೆಗೆ ಎಲ್ ಎಂಬ ಅಕ್ಷರದೊಂದಿಗೆ ನಳಿಕೆಯ ಉದ್ದ. ಆ ಉದ್ದ ವ್ಯಾಸದ ಎಷ್ಟು ಪಟ್ಟು ಎಂಬ ಲೆಕ್ಕದಲ್ಲಿರುತ್ತದೆ. 7.5 ಸೆಂ.ಮೀ. ಎಲ್/24 ಎಂದರೆ 1.8 ಮೀಟರ್, ಎಲ್/48 ಎಂದರೆ 3.6 ಮೀಟರ್, ಪ್ಯಾಂಥರ್‌ನ ಎಲ್/70 ಎಂದರೆ 5.25 ಮೀಟರ್. ಛಾಯಾಚಿತ್ರದಲ್ಲಿ ಮಾದರಿಯನ್ನು ಗುರುತಿಸಲು ಈ ಒಂದು ಲೆಕ್ಕ ಎಷ್ಟೋ ಸಲ ಸಾಕಾಗುತ್ತದೆ.

ಬಗೆಯನ್ನು ನಿರ್ಧರಿಸುವುದು ಯಾವ ದಳ ಬಳಸುತ್ತದೆ ಎಂಬುದು. ಒಂದೇ ಕುಟುಂಬದ 7.5 ಸೆಂ.ಮೀ. ತೋಪು ಟ್ಯಾಂಕಿನಲ್ಲಿದ್ದರೆ ‘ಕೆಡಬ್ಲ್ಯೂಕೆ 40’, ಫಿರಂಗಿ ದಳದ ಸ್ಟುಗ್‌ನಲ್ಲಿದ್ದರೆ ‘ಸ್ಟುಕ್ 40’, ಗಾಲಿಗಳ ಮೇಲೆ ಎಳೆಯುವ ಟ್ಯಾಂಕ್ ನಿರೋಧಕ ತೋಪಾದರೆ ‘ಪಾಕ್ 40’. ಮೊದಲೆರಡರಲ್ಲಿ ಬಳಸುವ ತೋಟೆ ಗಿಡ್ಡ ಮತ್ತು ದಪ್ಪ, ಪಾಕ್‌ನದು ಉದ್ದ. ಆದ್ದರಿಂದ ಮದ್ದುಗುಂಡನ್ನು ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವಂತಿಲ್ಲ. ಸ್ಟುಗ್‌ಗೆ ಪ್ಯಾಂಜರ್‌ಕಾಂಪ್ಫ್‌ವಾಗನ್ ಎಂಬ ಹೆಸರು ಸಿಗದಿರುವುದಕ್ಕೂ ಕಾರಣ ಇದೇ, ಅದು ಟ್ಯಾಂಕ್ ದಳದ ಸ್ವತ್ತಾಗಿರಲಿಲ್ಲ.

ಕಡತಪ್ರಿಯ

ಮಾದರಿಗಾರರ ಆಕ್ಷೇಪ ಕವಚ ಕಾರುಗಳು ಮತ್ತು ಹಾಫ್‌ಟ್ರ್ಯಾಕುಗಳ ಮಟ್ಟಿಗೆ ಗಟ್ಟಿಯಾದುದೇ. ಟ್ಯಾಂಕುಗಳ ಮಟ್ಟಿಗೆ ಮಾತ್ರ ನನ್ನ ಮಾತನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ: 141/1 ಎಂದರೆ ಉದ್ದದ 5 ಸೆಂ.ಮೀ. ತೋಪಿನ ಪ್ಯಾಂಜರ್ 3, 141/2 ಎಂದರೆ ಗಿಡ್ಡ 7.5 ಸೆಂ.ಮೀ. ತೋಪಿನದು ಎಂಬಷ್ಟು ನಿಖರತೆ ಬೇರೆ ಯಾವ ಹೆಸರಿನಲ್ಲಿಯೂ ಇಲ್ಲ.

ಮೂಲಮಾದರಿಗಳನ್ನೂ ಸೂಚಿಯಲ್ಲಿ ಸೇರಿಸುವುದಾದರೆ ‘ವಿಕೆ’ ಸಂಖ್ಯೆಗಳು ಎದುರಾಗುತ್ತವೆ. ವಿಕೆ 45.01(ಎಚ್) ಎಂಬಲ್ಲಿ 45 ಎಂದರೆ ಉದ್ದೇಶಿತ ತೂಕದ ವರ್ಗ ಟನ್ನುಗಳಲ್ಲಿ, 01 ಎಂದರೆ ಆ ವರ್ಗದ ಮೊದಲ ವಿನ್ಯಾಸ, ಎಚ್ ಎಂದರೆ ಹೆನ್ಶೆಲ್. ಪ್ಯಾಂಥರ್‌ನ ಮೂಲ ವಿಕೆ 30.02, ಅದಕ್ಕಾಗಿ ಮಾನ್ ಮತ್ತು ಡೈಮ್ಲರ್-ಬೆಂಜ್ ಕಂಪನಿಗಳು ಸ್ಪರ್ಧಿಸಿದವು, 1942ರಲ್ಲಿ ಆಯ್ಕೆಯಾದದ್ದು ಮಾನ್ ವಿನ್ಯಾಸ. ಈ ಸಂಖ್ಯೆಯನ್ನು ತೂಕದ ಕಾಲಂಗೆ ನಕಲು ಮಾಡಬೇಡಿ. 45 ಟನ್ ವರ್ಗದಲ್ಲಿ ಹುಟ್ಟಿದ ಟೈಗರ್ ಸೇವೆಗೆ ಬಂದಾಗ ಸುಮಾರು 57 ಟನ್ ತೂಗುತ್ತಿತ್ತು, 30 ಟನ್ ವರ್ಗದ ಪ್ಯಾಂಥರ್ ಸುಮಾರು 45 ಟನ್ ಮುಟ್ಟಿತ್ತು. ಕವಚವನ್ನು ದಪ್ಪಗೊಳಿಸಬೇಕೆಂಬ ಒತ್ತಾಯ ಮೇಲಿನಿಂದ ಬರುತ್ತಲೇ ಇತ್ತು, ಕಡತದ ಹೆಸರು ಮಾತ್ರ ಹಳೆಯದೇ ಉಳಿಯಿತು.

ನಿಮ್ಮ ಮೂಲ ಪ್ರಶ್ನೆಗೆ ಹೀಗೆ ಮಾಡಬಹುದು. ಶೀರ್ಷಿಕೆಯಲ್ಲಿ ಮೂಲ ವಿನ್ಯಾಸ ಮತ್ತು ಮಾದರಿ ಅಕ್ಷರ ಇರಲಿ. ಎರಡನೆಯ ಸಾಲಿನಲ್ಲಿ ವಿಶೇಷ ವಾಹನ ಸಂಖ್ಯೆ ಉಪಸಂಖ್ಯೆಯ ಸಮೇತ, ಮುಖ್ಯ ತೋಪು ನಳಿಕೆಯ ಉದ್ದದ ಸಮೇತ ಇರಲಿ. ಹೆಸರು ಬದಲಾದ ವಾಹನಗಳಿಗೆ ಕೊನೆಯ ಅಧಿಕೃತ ಹೆಸರನ್ನು ಶೀರ್ಷಿಕೆಗೆ ತೆಗೆದುಕೊಂಡು, ಹಳೆಯದನ್ನು ವರ್ಷದೊಡನೆ ಅದರ ಕೆಳಗೆ ಕೊಡಿ. ಹಾಗೆ ಮಾಡಿದರೆ ಎಫ್2 ಎಂಬುದು ‘ಪ್ಯಾಂಜರ್ 4, ಮಾದರಿ ಜಿ’ ಅಡಿಯಲ್ಲಿ ‘1942ರಲ್ಲಿ ಕೆಲಕಾಲ ಎಫ್2’ ಎಂಬ ಟಿಪ್ಪಣಿಯಾಗಿ ಬರುತ್ತದೆ. ಬ್ರುಮ್‌ಬೇರ್, ಹೆಟ್ಸರ್‌ನಂಥವುಗಳನ್ನು ಶೀರ್ಷಿಕೆಯಿಂದ ಹೊರಗಿಟ್ಟು, ಪುಸ್ತಕದ ಹಿಂಬದಿಯ ಅಕಾರಾದಿಯಲ್ಲಿ ‘ನೋಡಿ: ಸ್ಟುರ್ಮ್‌ಪ್ಯಾಂಜರ್’, ‘ನೋಡಿ: ಯಾಗ್ಡ್‌ಪ್ಯಾಂಜರ್ 38’ ಎಂದು ತಪ್ಪದೆ ಸೇರಿಸಿ, ಏಕೆಂದರೆ ಓದುಗರು ಹುಡುಕಿಕೊಂಡು ಬರುವುದು ಆ ಹೆಸರುಗಳಿಂದಲೇ.